ಮಾನಿಟರ್‌ನಲ್ಲಿ ಅಕ್ಷರ ಮಸುಕೇ? ರೆಸಲ್ಯೂಷನ್ ಇಳಿಸಬೇಡಿ

ಹೊಸ ಮಾನಿಟರ್‌ನಲ್ಲಿ ಅಕ್ಷರ ತೀರಾ ಸಣ್ಣದೆಂದು ಹಲವರು ರೆಸಲ್ಯೂಷನ್ ಇಳಿಸುತ್ತಾರೆ. ಅಕ್ಷರ ದೊಡ್ಡದಾಗುವುದು ನಿಜ, ಆದರೆ ಮಸುಕಾಗುತ್ತದೆ. ಕನ್ನಡದಲ್ಲಿ ಒತ್ತಕ್ಷರಗಳು ಕಲಸಿಹೋಗಿ, ದ-ಧ, ಪ-ಫ ವ್ಯತ್ಯಾಸವೇ ಕಾಣದಂತಾಗುತ್ತದೆ. ಅರ್ಜಿ, ದಾಖಲೆ ಟೈಪ್ ಮಾಡುವವರ ಕೈಯಲ್ಲಿ ಹೆಸರೇ ತಪ್ಪಾಗಿ ಅಚ್ಚಾದೀತು.

ಕಾರಣ ಸರಳ. ಎಲ್‌ಸಿಡಿ ಪರದೆಯಲ್ಲಿ ಪಿಕ್ಸೆಲ್‌ಗಳ ಸಂಖ್ಯೆ ಬದಲಾಗದು. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಇರುತ್ತವೆ. ಅಲ್ಲಿ 1366x768 ಆರಿಸಿದರೆ ಒಂದು ಪಿಕ್ಸೆಲ್‌ನ ಚಿತ್ರವನ್ನು ಸುಮಾರು 1.4 ಪಿಕ್ಸೆಲ್‌ಗೆ ಹಿಗ್ಗಿಸಬೇಕಾಗುತ್ತದೆ. ಅರ್ಧ ಪಿಕ್ಸೆಲ್ ಎಂಬುದಿಲ್ಲವಾದ್ದರಿಂದ ಅಕ್ಷರದ ಅಂಚು ಕದಡುತ್ತದೆ.

ಪರಿಹಾರ: ವಿಂಡೋಸ್ 10 ಅಥವಾ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ ತೆರೆಯಿರಿ. ರೆಸಲ್ಯೂಷನ್‌ನಲ್ಲಿ 'ರೆಕಮೆಂಡೆಡ್' ಎಂದಿರುವುದನ್ನೇ ಆರಿಸಿ. ಬಳಿಕ 'ಸ್ಕೇಲ್' ಅನ್ನು ಶೇ. 125 ಅಥವಾ 150ಕ್ಕೆ ಏರಿಸಿ. ಆಗ ಅಕ್ಷರವನ್ನು ಕಂಪ್ಯೂಟರ್ ಹಿಗ್ಗಿಸುವುದಿಲ್ಲ. ದೊಡ್ಡ ಗಾತ್ರದಲ್ಲಿ ಹೊಸದಾಗಿಯೇ ಬರೆಯುತ್ತದೆ.

ಹಳೆಯ ತಂತ್ರಾಂಶವೊಂದು ಮಾತ್ರ ಇನ್ನೂ ಮಸುಕಾಗಿದ್ದರೆ, ಅದರ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, 'ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್'ಗೆ ಹೋಗಿ. 'ಓವರ್‌ರೈಡ್' ಎಂಬಲ್ಲಿ ಗುರುತು ಹಾಕಿ 'ಅಪ್ಲಿಕೇಷನ್' ಆರಿಸಿ. ತಂತ್ರಾಂಶದ ಬಟನ್‌ಗಳು ಸ್ವಲ್ಪ ಚಿಕ್ಕದಾದಾವು. ಅಕ್ಷರ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ.