ಸಾಲ್ಮನ್ ತೊರೆಗಳ ನೆತ್ತಿಯಲ್ಲಿ ತಾಮ್ರದ ಗಣಿ

ಅಲಾಸ್ಕಾದ ನೈರುತ್ಯ ಅಂಚಿನಲ್ಲಿ ಬ್ರಿಸ್ಟಲ್ ಬೇ ಎಂಬ ಕೊಲ್ಲಿಯಿದೆ. ಪ್ರತಿವರ್ಷ ಬೇಸಿಗೆಯ ಕೆಲವೇ ವಾರಗಳಲ್ಲಿ ಕೋಟಿಗಟ್ಟಲೆ ಸಾಕ್‌ಐ ಸಾಲ್ಮನ್ ಮೀನುಗಳು ಪೆಸಿಫಿಕ್ ಸಾಗರದಿಂದ ಈ ಕೊಲ್ಲಿಗೆ ಬಂದು, ಅಲ್ಲಿಂದ ನದಿಗಳನ್ನೇರಿ, ತಾವು ಹುಟ್ಟಿದ ತೊರೆಯನ್ನೇ ಹುಡುಕಿ ಸೇರುತ್ತವೆ. ಮೊಟ್ಟೆಯಿಟ್ಟು ಅಲ್ಲಿಯೇ ಸಾಯುತ್ತವೆ. ಕರಡಿ, ಹದ್ದು, ದಡದ ಗಿಡಮರಗಳವರೆಗೆ ಎಲ್ಲಕ್ಕೂ ಸಮುದ್ರದ ಸತ್ವ ತಲುಪುವುದು ಈ ಸಾವಿನ ಮೂಲಕವೇ. 2022ರಲ್ಲಿ ಹೀಗೆ ಮರಳಿದ ಮೀನುಗಳು ಸುಮಾರು 7.9 ಕೋಟಿ. ಅವುಗಳಲ್ಲಿ 6 ಕೋಟಿಯಷ್ಟನ್ನು ಹಿಡಿದ ಮೇಲೂ ಮುಂದಿನ ಪೀಳಿಗೆಗೆ ಬೇಕಾದಷ್ಟು ಉಳಿದವು. ಜಗತ್ತಿನಲ್ಲಿ ಹಿಡಿಯುವ ಸಾಕ್‌ಐ ಸಾಲ್ಮನ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಈ ಒಂದೇ ಜಲಾನಯನ ಪ್ರದೇಶದ್ದು. ಇಲ್ಲಿ ಮರಿ ಮಾಡಿ ಬಿಡುವ ಸಾಕಣೆ ಕೇಂದ್ರಗಳಿಲ್ಲ. ಎಲ್ಲವೂ ನದಿಯೇ ಹೆತ್ತ ಮೀನು. ಯೂಪಿಕ್, ಡೆನಾಇನಾ ಮೂಲನಿವಾಸಿಗಳು ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನಿಂದ ಈ ಮೀನನ್ನು ನಂಬಿ ಬದುಕಿದ್ದಾರೆ.

ಈ ಕೊಲ್ಲಿಯನ್ನು ಸೇರುವ ನುಷಗಾಕ್ ಮತ್ತು ಕ್ವಿಚಾಕ್ ನದಿಗಳ ಮೇಲುಭಾಗದಲ್ಲಿ, ಇಲಿಯಮ್ನಾ ಸರೋವರಕ್ಕೆ ಸಮೀಪದಲ್ಲಿ, ಪೆಬಲ್ ಎಂಬ ಹೆಸರಿನ ತಾಮ್ರ ಮತ್ತು ಚಿನ್ನದ ನಿಕ್ಷೇಪವಿದೆ. ಪತ್ತೆಯಾದದ್ದು 1980ರ ದಶಕದ ಕೊನೆಯಲ್ಲಿ. ಕೆನಡಾದ ನಾರ್ದರ್ನ್ ಡೈನಸ್ಟಿ ಮಿನರಲ್ಸ್ ಕಂಪನಿ 2001ರಿಂದ ಅದರ ಬೆನ್ನು ಹತ್ತಿದೆ. ನಿಕ್ಷೇಪ ದೊಡ್ಡದು, ಅದಿರು ಬಡಕಲು. ಕಂಪನಿಯದೇ ಅಂದಾಜಿನಂತೆ ತಾಮ್ರದ ಪ್ರಮಾಣ ಶೇ 0.4ರಷ್ಟು. ಅಂದರೆ ಸಾವಿರ ಕಿಲೋ ಅದಿರು ಅಗೆದು ಅರೆದರೆ ದೊರೆಯುವ ತಾಮ್ರ ನಾಲ್ಕು ಕಿಲೋ, ಮಿಕ್ಕದ್ದು ಕೆಸರು. ಕಂಪನಿ ಅನುಮತಿ ಕೋರಿದ 20 ವರ್ಷಗಳ ಯೋಜನೆಯಲ್ಲಿ ಅಗೆಯಬೇಕಿದ್ದ ಅದಿರು 130 ಕೋಟಿ ಟನ್. ಇಡೀ ನಿಕ್ಷೇಪದಲ್ಲಿ ಅದು ಕಾಲು ಭಾಗವೂ ಅಲ್ಲ. ಕೋಟ್ಯಂತರ ಡಾಲರ್ ಸುರಿದು ತೆರೆದ ಗಣಿಯನ್ನು 20 ವರ್ಷಕ್ಕೇ ಮುಚ್ಚಿ ಮನೆಗೆ ಹೋಗುತ್ತಾರೆಂದು ನಂಬುವುದು ಕಷ್ಟ.

ವಿವಾದದ ತಿರುಳಿರುವುದು ಒಂದು ಸಣ್ಣ ಲೆಕ್ಕದಲ್ಲಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಪ್ರಕಾರ ಈ ಯೋಜನೆಯಿಂದ ಸಾಲ್ಮನ್ ನೇರವಾಗಿ ಬಳಸುವ ಸುಮಾರು 13.7 ಕಿ.ಮೀ. ತೊರೆಗಳೂ, ಅವಕ್ಕೆ ನೀರುಣಿಸುವ ಸುಮಾರು 146 ಕಿ.ಮೀ. ಹಳ್ಳಗಳೂ, 2,108 ಎಕರೆ ಜೌಗು ಪ್ರದೇಶವೂ ಶಾಶ್ವತವಾಗಿ ನಾಶವಾಗುತ್ತವೆ. ಸಾವಿರಾರು ಕಿ.ಮೀ. ನೀರಹಾದಿಗಳಿರುವ ಜಲಾನಯನದಲ್ಲಿ ಇದೆಷ್ಟರದು ಎಂಬುದು ಗಣಿಪರರ ವಾದ. ಸೇನೆಯ ಎಂಜಿನಿಯರಿಂಗ್ ವಿಭಾಗವು 2020ರ ಜುಲೈನಲ್ಲಿ ಪ್ರಕಟಿಸಿದ ಪರಿಸರ ಪರಿಣಾಮ ವರದಿಯೂ ಮೀನಿನ ಒಟ್ಟು ಸಂಖ್ಯೆಯ ಮೇಲೆ ಅಳೆಯಬಹುದಾದಂಥ ಪರಿಣಾಮವಾಗದು ಎಂದೇ ಹೇಳಿತ್ತು.

ಈ ಲೆಕ್ಕ ತಪ್ಪುವುದು ಎಲ್ಲಿ? ಬ್ರಿಸ್ಟಲ್ ಬೇ ಸಾಲ್ಮನ್ ಎಂಬುದು ಒಂದೇ ಹಿಂಡಲ್ಲ. ಪ್ರತಿ ತೊರೆಗೂ, ಸರೋವರದ ಪ್ರತಿ ದಂಡೆಗೂ ಹೊಂದಿಕೊಂಡ ನೂರಾರು ಪ್ರತ್ಯೇಕ ಸಂತತಿಗಳು ಅಲ್ಲಿವೆ. ಒಂದು ಬೇಗ ಬರುತ್ತದೆ, ಇನ್ನೊಂದು ತಡವಾಗಿ; ಒಂದು ತಣ್ಣನೆಯ ವರ್ಷದಲ್ಲಿ ಹುಲುಸಾಗುತ್ತದೆ, ಇನ್ನೊಂದು ಬೆಚ್ಚಗಿನ ವರ್ಷದಲ್ಲಿ. ಬಹುಕಾಲ ಈ ಕೊಲ್ಲಿಯ ಹಿರಿಯ ನದಿಯಾಗಿದ್ದ ಕ್ವಿಚಾಕ್ 1990ರ ದಶಕದ ಕೊನೆಗೆ ಸೊರಗಿದಾಗ, ಅದಕ್ಕೆ ಮುನ್ನ ಲೆಕ್ಕಕ್ಕಿಲ್ಲದಂತಿದ್ದ ಎಗೆಗಿಕ್‌ನಂಥ ನದಿಗಳು ಮೀನುಗಾರಿಕೆಯನ್ನು ಹೊತ್ತುಕೊಂಡವು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇನಿಯಲ್ ಶಿಂಡ್ಲರ್ ಮತ್ತು ಸಂಗಡಿಗರು 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಅಂಕಿಸಂಖ್ಯೆಗಳಲ್ಲಿ ತೋರಿಸಿದರು. ಇಷ್ಟೊಂದು ಸಂತತಿಗಳ ಬದಲು ಒಂದೇ ಬಗೆಯ ಹಿಂಡು ಇದ್ದಿದ್ದರೆ ವರ್ಷದಿಂದ ವರ್ಷಕ್ಕೆ ಆಗುವ ಏರಿಳಿತ ಎರಡು ಪಟ್ಟಿಗಿಂತ ಹೆಚ್ಚಿರುತ್ತಿತ್ತು. ಮೀನುಗಾರಿಕೆಯನ್ನೇ ನಿಲ್ಲಿಸಬೇಕಾದ ವರ್ಷಗಳು ಹತ್ತು ಪಟ್ಟು ಹೆಚ್ಚುತ್ತಿದ್ದವು. ಹತ್ತಾರು ತಳಿಯ ಭತ್ತ ಬಿತ್ತುತ್ತಿದ್ದ ನಮ್ಮ ಹಿಂದಿನ ರೈತನಿಗೆ ಈ ತತ್ವವನ್ನು ವಿವರಿಸಬೇಕಾಗಿರಲಿಲ್ಲ. ಇಂದು ಬಡವಾಗಿ ಕಾಣುವ ಹಳ್ಳ ನಾಳೆಯ ಹವಾಮಾನದಲ್ಲಿ ಇಡೀ ನದಿಯನ್ನು ಸಾಕಬಹುದು. ಯಾವ ಹಳ್ಳ ಎಂದು ಮೊದಲೇ ಗುರುತಿಸುವ ವಿದ್ಯೆ ಯಾರ ಬಳಿಯೂ ಇಲ್ಲ. ಹಾಗಿರುವಾಗ ಕಿಲೋಮೀಟರುಗಳನ್ನು ಶೇಕಡಾವಾರು ಮಾಡಿ ‘ಅಲ್ಪ’ ಎನ್ನುವುದು ವಿಜ್ಞಾನವಲ್ಲ, ವಕೀಲಿಕೆ.

ಎರಡನೆಯ ತೊಡಕು ತಾಮ್ರದ್ದೇ. ಸಾಲ್ಮನ್ ತನ್ನ ಹುಟ್ಟುನೀರನ್ನು ಗುರುತಿಸುವುದು ವಾಸನೆಯಿಂದ. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಕರಗಿದ ತಾಮ್ರ ಹೆಚ್ಚಾದರೂ ಅದರ ಘ್ರಾಣಶಕ್ತಿ ಮಂಕಾಗುತ್ತದೆ. ಮೀನು ಸಾಯಬೇಕಿಲ್ಲ, ದಾರಿ ತಪ್ಪಿದರೆ ಸಾಕು. ಇಲ್ಲಿಯ ಅದಿರಿನಲ್ಲಿ ಗಂಧಕವೂ ಸೇರಿದೆ. ಗಾಳಿ ಮತ್ತು ನೀರು ತಾಗಿದರೆ ಆಮ್ಲವುಂಟಾಗಿ ಲೋಹ ಕರಗಿ ಹರಿಯುತ್ತದೆ. ಆದ್ದರಿಂದ ಆ ಕೆಸರನ್ನು ಅಣೆಕಟ್ಟಿನ ಹಿಂದೆ ಕಾಯಬೇಕು. 20 ವರ್ಷವಲ್ಲ, ಎಂದೆಂದಿಗೂ. ನೆರೆಯ ಬ್ರಿಟಿಷ್ ಕೊಲಂಬಿಯಾದ ಮೌಂಟ್ ಪಾಲಿ ಗಣಿಯಲ್ಲಿ 2014ರ ಆಗಸ್ಟ್ 4ರಂದು ಇಂಥದೇ ಅಣೆಕಟ್ಟು ಒಡೆದು, ಸುಮಾರು ಎರಡೂವರೆ ಕೋಟಿ ಘನ ಮೀಟರ್ ನೀರು ಮತ್ತು ಕೆಸರು ಸಾಕ್‌ಐ ಸಾಲ್ಮನ್‌ಗಳ ನೆಲೆಯಾದ ಕ್ವೆನೆಲ್ ಸರೋವರದ ಕಡೆಗೆ ನುಗ್ಗಿತು. ಅಡಿಪಾಯದ ಕೆಳಗಿದ್ದ ದುರ್ಬಲ ಜೇಡಿಪದರವನ್ನು ವಿನ್ಯಾಸಕಾರರು ಗಣನೆಗೆ ತೆಗೆದುಕೊಂಡಿರಲಿಲ್ಲವೆಂದು ತಜ್ಞರ ಸಮಿತಿ ಹೇಳಿತು. ಅದು ಹಿಂದುಳಿದ ದೇಶದ ಕಳಪೆ ಗಣಿಯಾಗಿರಲಿಲ್ಲ.

ಗಣಿ ನಿಂತರೂ ಕೆಸರು ಉಳಿಯುತ್ತದೆ ಎಂಬುದನ್ನು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ ಕುದುರೆಮುಖದ ಕಬ್ಬಿಣದ ಗಣಿ 2005ರ ಕೊನೆಗೆ ನಿಂತಿತು. ಭದ್ರೆಯ ಮೇಲುಭಾಗದ ಲಕ್ಯಾ ಅಣೆಕಟ್ಟಿನ ಹಿಂದೆ ಎರಡೂವರೆ ದಶಕಗಳ ಗಣಿ ಕೆಸರು ಇಂದಿಗೂ ಕುಳಿತಿದೆ. ಅದನ್ನು ಪ್ರತಿ ಮಳೆಗಾಲದಲ್ಲೂ ಕಾಯಬೇಕು.

ಗಣಿಯನ್ನು ಬಯಸುವವರೆಲ್ಲ ದುರಾಸೆಯವರೆಂದು ತಳ್ಳಿಹಾಕುವುದೂ ಸರಿಯಲ್ಲ. ಇಲಿಯಮ್ನಾ ಸುತ್ತಲಿನ ಹಳ್ಳಿಗಳಲ್ಲಿ ವರ್ಷವಿಡೀ ಸಂಬಳ ತರುವ ಕೆಲಸ ವಿರಳ, ಇಂಧನ ದುಬಾರಿ. ಅಲ್ಲಿಯ ಕೆಲವರು ಯೋಜನೆಯನ್ನು ಬೆಂಬಲಿಸಿದ್ದಾರೆ. ಸೌರ ವಿದ್ಯುತ್ತಿಗೂ ವಿದ್ಯುತ್ ವಾಹನಕ್ಕೂ ತಾಮ್ರ ಬೇಕೆಂಬುದೂ ನಿಜ. ಆದರೆ ತಾಮ್ರ ಬೇರೆ ಕಡೆಯೂ ದೊರೆಯುತ್ತದೆ, ಕರಗಿಸಿ ಮರುಬಳಸಲೂ ಬರುತ್ತದೆ. ಕೆಟ್ಟುಹೋದ ಸಾಲ್ಮನ್ ನದಿಯನ್ನು ಸರಿಪಡಿಸುವುದು ಎಂಥ ಸಾಹಸವೆಂಬುದಕ್ಕೆ ಅದೇ ದೇಶದ ಕೊಲಂಬಿಯಾ ನದಿಯಿದೆ. ಒಂದು ಕಾಲಕ್ಕೆ ಒಂದು ಕೋಟಿಗೂ ಹೆಚ್ಚು ಮೀನು ಏರುತ್ತಿದ್ದ ಆ ನದಿಗೆ ಅಣೆಕಟ್ಟುಗಳು ಬಂದ ಮೇಲೆ, ದಶಕಗಳ ಕಾಲ ಅಪಾರ ಹಣ ಸುರಿದರೂ ಹಳೆಯ ಸಂಖ್ಯೆ ಮರಳಿಲ್ಲ.

ವಿರೋಧವೂ ಬರಿಯ ಪರಿಸರವಾದಿಗಳದ್ದಲ್ಲ. ಗಣಿಗಳ ಪರವಾಗಿ ಸದಾ ನಿಂತಿದ್ದ ರಿಪಬ್ಲಿಕನ್ ಸೆನೆಟರ್ ಟೆಡ್ ಸ್ಟೀವನ್ಸ್ ಈ ಗಣಿಯನ್ನು ವಿರೋಧಿಸಿದ್ದರು. ಆರು ಬುಡಕಟ್ಟುಗಳು 2010ರಲ್ಲಿ ಪರಿಸರ ಸಂಸ್ಥೆಗೆ ಮನವಿ ಸಲ್ಲಿಸಿದವು. ಭಾರಿ ಬಂಡವಾಳದ ಆಂಗ್ಲೋ ಅಮೆರಿಕನ್ 2013ರಲ್ಲಿ ಹೊರನಡೆಯಿತು. ಮರುವರ್ಷ ರಿಯೋ ಟಿಂಟೋ ತನ್ನ ಷೇರುಗಳನ್ನು ಅಲಾಸ್ಕಾದ ಎರಡು ದತ್ತಿಸಂಸ್ಥೆಗಳಿಗೆ ದಾನ ಮಾಡಿ ಕೈತೊಳೆದುಕೊಂಡಿತು. 2020ರ ನವೆಂಬರಿನಲ್ಲಿ, ಅದೇ ಸೇನಾ ಎಂಜಿನಿಯರಿಂಗ್ ವಿಭಾಗವು ಯೋಜನೆ ಸಾರ್ವಜನಿಕ ಹಿತಕ್ಕೆ ವಿರುದ್ಧವೆಂದು ಪರವಾನಗಿ ನಿರಾಕರಿಸಿತು. 2023ರ ಜನವರಿಯಲ್ಲಿ ಪರಿಸರ ಸಂಸ್ಥೆ ಶುದ್ಧ ಜಲ ಕಾಯ್ದೆಯ ಅಪರೂಪದ ಅಧಿಕಾರವನ್ನು ಬಳಸಿ, ನಿಕ್ಷೇಪದ ಸುತ್ತ ಗಣಿತ್ಯಾಜ್ಯ ಸುರಿಯುವುದನ್ನು ನಿಷೇಧಿಸಿತು.

ಆದರೆ ಒಂದು ಸರ್ಕಾರ ಕೊಟ್ಟದ್ದನ್ನು ಇನ್ನೊಂದು ಕಸಿದುಕೊಳ್ಳಬಲ್ಲದು. ಒಬಾಮ ಆಡಳಿತ 2014ರಲ್ಲಿ ಮುಂದಿಟ್ಟ ನಿರ್ಬಂಧವನ್ನು ಟ್ರಂಪ್ ಆಡಳಿತ 2019ರಲ್ಲಿ ಹಿಂತೆಗೆದುಕೊಂಡಿತ್ತು. 2023ರ ನಿಷೇಧದ ವಿರುದ್ಧ ಅಲಾಸ್ಕಾ ರಾಜ್ಯವೂ ಕಂಪನಿಯೂ 2024ರಲ್ಲಿ ದಾವೆ ಹೂಡಿದವು. ಅಲ್ಲದೆ ನಿಷೇಧ ಅನ್ವಯಿಸುವುದು ಪೆಬಲ್ ನಿಕ್ಷೇಪಕ್ಕೆ ಮಾತ್ರ, ಇಡೀ ಜಲಾನಯನಕ್ಕಲ್ಲ. ಇಡೀ ಜಲಾನಯನಕ್ಕೆ ಶಾಸನದ ರಕ್ಷಣೆ ಬೇಕೆಂದು ಬುಡಕಟ್ಟುಗಳೂ ಮೀನುಗಾರರೂ ಕೇಳುತ್ತಿರುವುದು ಅದಕ್ಕಾಗಿಯೇ.

ಶಾಸನಕ್ಕೆ ಕಾಯದೆ ನಡೆದವರೂ ಇದ್ದಾರೆ. ಇಲಿಯಮ್ನಾ ದಂಡೆಯ ಪೆಡ್ರೋ ಬೇ ಎಂಬ ಪುಟ್ಟ ಹಳ್ಳಿಯ ಮೂಲನಿವಾಸಿಗಳ ನಿಗಮವು 2022ರಲ್ಲಿ ತನ್ನ 44,000ಕ್ಕೂ ಹೆಚ್ಚು ಎಕರೆ ನೆಲವನ್ನು ಸಂರಕ್ಷಣಾ ಕರಾರಿಗೆ ಒಳಪಡಿಸಿತು. ಒಡೆತನ ನಿಗಮದ್ದೇ, ಗಣಿ ಚಟುವಟಿಕೆಗೆ ಮಾತ್ರ ಅಲ್ಲಿ ಎಡೆಯಿಲ್ಲ. ಪೆಬಲ್ ಅದಿರನ್ನು ಸಮುದ್ರಕ್ಕೆ ಸಾಗಿಸಲು ಕಂಪನಿ ಯೋಜಿಸಿದ್ದ ರಸ್ತೆ ಆ ನೆಲವನ್ನು ಹಾದೇ ಹೋಗಬೇಕಿತ್ತು.