ಫೈಲ್ ಅಳಿಸಿದ್ದು ಯಾರು? ಎಫ್‌ಟಿಪಿ ಸರ್ವರಿನ ದಿನಚರಿ

ದುಬೈನ ಅಲ್ ಕೂಜ್‌ನಲ್ಲಿ ಗೋದಾಮು, ಗ್ಯಾರೇಜು, ಮುದ್ರಣಾಲಯಗಳು ಸಾಲುಸಾಲಾಗಿವೆ. ಅಂಥದೊಂದು ಮುದ್ರಣಾಲಯದಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಗ್ರಾಹಕರ ವಿನ್ಯಾಸಗಳು ಇಮೇಲ್‌ಗೆ ಹಿಡಿಸದಷ್ಟು ದೊಡ್ಡವು. ಅವು ನಮ್ಮ ಎಫ್‌ಟಿಪಿ ಸರ್ವರ್‌ಗೆ ಬಂದು ಬೀಳುತ್ತವೆ. ಈ ಎಫ್‌ಟಿಪಿಯ ಮೊದಲ ನಿಯಮಾವಳಿಯನ್ನು 1971ರಲ್ಲಿ ಬರೆದವರು ಐಐಟಿ ಕಾನ್ಪುರದಲ್ಲಿ ಓದಿ ಎಂಐಟಿಗೆ ಹೋಗಿದ್ದ ಅಭಯ್ ಭೂಷಣ್.

ಒಂದು ದಿನ ಗ್ರಾಹಕರೊಬ್ಬರ ಕ್ಯಾಟಲಾಗಿನ ಫೈಲ್ ಮಾಯವಾಯಿತು. ಲಾಗ್ ತೆರೆದೆ. ಅಳಿಸಿದ ಸಮಯ 05:40. ಆ ಹೊತ್ತಿನಲ್ಲಿ ಇದ್ದವನು ರಾತ್ರಿ ಪಾಳಿಯ ಕುಂದಾಪುರದ ಹುಡುಗ ಒಬ್ಬನೇ. "ಅಣ್ಣ, ನಾನು ಅದನ್ನು ಮುಟ್ಟಲೇ ಇಲ್ಲ" ಎಂದ. ನಾನು ನಂಬಲಿಲ್ಲ, ಮ್ಯಾನೇಜರ್‌ಗೆ ಅವನ ಹೆಸರು ಹೇಳಿಬಿಟ್ಟೆ.

ಸಂಜೆ ಮತ್ತೊಮ್ಮೆ ಓದುವಾಗ ತಪ್ಪು ಹೊಳೆಯಿತು. ವಿಂಡೋಸ್‌ನ ಐಐಎಸ್ ತನ್ನ ಡಬ್ಲ್ಯು3ಸಿ ಮಾದರಿಯ ಲಾಗ್‌ನಲ್ಲಿ ಬರೆಯುವುದು ಯುಟಿಸಿ ಸಮಯ. ದುಬೈ ಅದಕ್ಕಿಂತ 4 ಗಂಟೆ ಮುಂದೆ. ಊರು ಐದೂವರೆ ಗಂಟೆ ಮುಂದೆ. ಅಂದರೆ ಫೈಲ್ ಅಳಿದದ್ದು ಬೆಳಿಗ್ಗೆ 9:40ಕ್ಕೆ, ಹುಡುಗ ರೂಮಿನಲ್ಲಿ ಮಲಗಿದ್ದಾಗ. ಐಪಿ ವಿಳಾಸವೂ ಹಗಲು ಪಾಳಿಯ ಕಂಪ್ಯೂಟರಿನದೇ. ಅಲ್ಲಿ ಎಲ್ಲರೂ ಒಂದೇ ಲಾಗಿನ್ ಬಳಸುತ್ತಿದ್ದುದರಿಂದ ಯಾರ ಕೈ ಎಂದು ಇಂದಿಗೂ ಗೊತ್ತಾಗಿಲ್ಲ. ಮ್ಯಾನೇಜರ್ ಎದುರೇ ಹುಡುಗನ ಕ್ಷಮೆ ಕೇಳಿದೆ.

ಅಂಗಡಿ, ಕಚೇರಿ ನಡೆಸುವ ನಮ್ಮ ಸದಸ್ಯರಿಗೆ ಉಪಯೋಗವಾದೀತೆಂದು, ಆಮೇಲೆ ನಾನು ಮಾಡಿದ ವ್ಯವಸ್ಥೆಯನ್ನು ಹೇಳುತ್ತೇನೆ.

ಮೊದಲು, ಒಬ್ಬೊಬ್ಬರಿಗೂ ಬೇರೆ ಬೇರೆ ಲಾಗಿನ್ ಕೊಡಿ. ಅಳಿಸುವ ಅಧಿಕಾರ ಅಗತ್ಯವಿರುವವರಿಗೆ ಮಾತ್ರ ಇರಲಿ.

ಎರಡನೆಯದಾಗಿ, ಐಐಎಸ್ ಮ್ಯಾನೇಜರ್‌ನಲ್ಲಿ ನಿಮ್ಮ ಎಫ್‌ಟಿಪಿ ಸೈಟ್ ಆರಿಸಿ ‘ಎಫ್‌ಟಿಪಿ ಲಾಗಿಂಗ್’ ತೆರೆಯಿರಿ. ದಿನಾಂಕ, ಸಮಯ, ಬಳಕೆದಾರರ ಹೆಸರು, ಐಪಿ ವಿಳಾಸ, ಆಜ್ಞೆ, ಫೈಲಿನ ಹೆಸರು, ಫಲಿತಾಂಶದ ಸಂಖ್ಯೆ — ಇಷ್ಟಕ್ಕೂ ಗುರುತು ಹಾಕಿ. ದಿನಕ್ಕೊಂದು ಹೊಸ ಲಾಗ್ ಫೈಲ್ ಆಗುವಂತೆ ಇಡಿ. ಅಲ್ಲಿ ಸ್ಥಳೀಯ ಸಮಯ ಬಳಸುವ ಆಯ್ಕೆಯೊಂದು ಕಾಣುತ್ತದೆ, ಮೋಸಹೋಗಬೇಡಿ. ಅದು ಲಾಗ್ ಫೈಲಿನ ಹೆಸರಿಗೂ ಬದಲಾಗುವ ಹೊತ್ತಿಗೂ ಮಾತ್ರ ಸಂಬಂಧಿಸಿದ್ದು. ಒಳಗಿನ ಸಾಲುಗಳು ಯುಟಿಸಿಯಲ್ಲೇ ಇರುತ್ತವೆ.

ಓದುವುದು ಕಷ್ಟವಲ್ಲ. ‘ಸ್ಟೋರ್’ ಎಂದರೆ ಫೈಲ್ ಒಳಬಂತು, ‘ರೆಟ್ರ್’ ಎಂದರೆ ಹೊರಹೋಯಿತು, ‘ಡೆಲೆ’ ಎಂದರೆ ಅಳಿಸುವ ಆಜ್ಞೆ. ಪಕ್ಕದ 226 ವರ್ಗಾವಣೆ ಪೂರ್ಣವಾಯಿತೆಂದೂ, ‘ಡೆಲೆ’ ಜೊತೆಗಿನ 250 ಅಳಿಸುವುದು ಆಯಿತೆಂದೂ, 530 ಲಾಗಿನ್ ಆಗಲಿಲ್ಲವೆಂದೂ ಹೇಳುತ್ತವೆ. ರಾತ್ರಿಯಿಡೀ 530 ಸಾಲುಗಟ್ಟಿದ್ದರೆ ಯಾರೋ ಪಾಸ್‌ವರ್ಡ್ ಊಹಿಸುತ್ತಿರಬಹುದು.

ಮೂರನೆಯದಾಗಿ, ಲಾಗ್‌ನ ಪ್ರತಿಯನ್ನು ದಿನವೂ ಬೇರೊಂದು ಕಂಪ್ಯೂಟರ್‌ಗೆ ಕಳಿಸಿ. ನಮ್ಮ ಹಿರಿಯರು ಮಸಿ ಬಳಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅದನ್ನು ಒರೆಸಿ ಮತ್ತೆ ಬರೆಯಲು ಬರುತ್ತಿತ್ತು. ಸರ್ವರಿನ ಅಡ್ಮಿನ್‌ಗೂ ಇಂದು ಅದೇ ಅನುಕೂಲವಿದೆ. ಅಡ್ಮಿನ್ ನಾನೇ ಆದ್ದರಿಂದ, ನಮ್ಮಲ್ಲಿ ಪ್ರತಿಯ ಕೀಲಿ ಲೆಕ್ಕಪತ್ರ ವಿಭಾಗದ ಹಿರಿಯರ ಬಳಿಯಿದೆ.

ಲಾಗ್‌ನಲ್ಲಿ ಜನರ ಹೆಸರು, ವಿಳಾಸ ಇರುವುದರಿಂದ ಎಲ್ಲರೂ ನೋಡುವಂತೆ ಬಿಡಬೇಡಿ. ಇಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಗೆ 2021ರ 45ನೇ ಸಂಖ್ಯೆಯ ಕಾನೂನೇ ಇದೆ.

ಪರದೇಶದಲ್ಲಿ ಕೆಲಸ ಹೋದರೆ ವೀಸಾವೂ ಹೋಗುತ್ತದೆ. ಊರಿನ ಮನೆಯೊಂದು ಆ ಸಂಬಳವನ್ನು ನಂಬಿರುತ್ತದೆ. ಆದ್ದರಿಂದ ಯಾರ ಹೆಸರನ್ನಾದರೂ ಹೇಳುವ ಮೊದಲು ಲಾಗ್‌ನ ಸಮಯಕ್ಕೆ 4 ಗಂಟೆ ಕೂಡಿಸಿ ನೋಡಿ. ನಮ್ಮ ಸರ್ವರಿನ ಪರದೆಯ ಅಂಚಿಗೆ ಈ ಮಾತನ್ನು ಚೀಟಿಯಲ್ಲಿ ಬರೆದು ಅಂಟಿಸಿದ್ದೇನೆ. ಆ ಹುಡುಗ ಈಗ ಹಗಲು ಪಾಳಿಯಲ್ಲಿದ್ದಾನೆ. ಲಾಗ್ ಓದಲು ಅವನಿಗೂ ಕಲಿಸಿದ್ದೇನೆ.