ಕೆರೆಯ ಏರಿಯೂ ಹೆಣ್ಣುಮಕ್ಕಳ ಓಟವೂ

ವ್ಯಾಯಾಮಗಳಲ್ಲೆಲ್ಲ ಓಟವು ಅತ್ಯಂತ ಪ್ರಾಚೀನವಾದುದು, ಅತ್ಯಂತ ಕಡಿಮೆ ವೆಚ್ಚದ್ದು. ಅದಕ್ಕೆ ಚೆಂಡು ಬೇಡ, ಬಲೆ ಬೇಡ, ಎದುರಾಳಿಯೂ ಬೇಡ. ಒಳ್ಳೆಯದೊಂದು ಹಾದಿಯಿದ್ದರೆ ಸಾಕು. ಆದರೂ ಶಾಲೆಯ ಬಯಲಿನಲ್ಲಿ ಸಂತೋಷದಿಂದ ಓಡುತ್ತಿದ್ದ ಹುಡುಗಿಯರಲ್ಲಿ ಅನೇಕರು ಶಾಲೆಯನ್ನು ಬಿಟ್ಟೊಡನೆ ಓಟವನ್ನೂ ಬಿಟ್ಟುಬಿಡುವರು. ಕಾರಣವೇನೆಂದು ಕೇಳಿದರೆ, “ಓಡಲು ಎಡೆಯೆಲ್ಲಿ?” ಎಂಬುದೇ ಉತ್ತರ. ಆ ಎಡೆಯು ನಮ್ಮ ಊರುಗಳ ಮಗ್ಗುಲಲ್ಲಿಯೇ ಇರುವುದೆಂದು ತಿಳಿಸುವುದು ಈ ಲೇಖನದ ಉದ್ದೇಶ.

ಕರ್ನಾಟಕದಲ್ಲಿ ಸಣ್ಣವೂ ದೊಡ್ಡವೂ ಕೂಡಿ ಸುಮಾರು 36,000 ಕೆರೆಗಳಿರುವುವೆಂದು ಲೆಕ್ಕ. ತುಮಕೂರು, ಕೋಲಾರ, ಹಾಸನ, ಮಂಡ್ಯ, ಮೈಸೂರು ಮುಂತಾದ ಕಡೆಗಳ ಮೈದಾನ ಸೀಮೆಯಲ್ಲಿ ನೆಲವು ಅಲೆಯಂತೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವುದು. ಇಳಿಜಾರಿನ ತಗ್ಗಿಗೆ ಅಡ್ಡಲಾಗಿ ಮಣ್ಣಿನ ಏರಿಯನ್ನು ಹಾಕಿ ಮಳೆಯ ನೀರನ್ನು ತಡೆದು ನಿಲ್ಲಿಸಿದುದೇ ಕೆರೆ. ಏರಿಯ ಕೆಳಗೆ ತೂಬಿನ ನೀರಿನಿಂದ ಬೆಳೆಯುವ ಗದ್ದೆ ತೋಟಗಳ ಅಚ್ಚುಕಟ್ಟು. ಹೆಚ್ಚಾದ ನೀರು ಹೊರಬೀಳಲು ಕೋಡಿ. ಮೇಲಣ ಕೆರೆಯ ಕೋಡಿಯ ನೀರು ಹಳ್ಳವಾಗಿ ಹರಿದು ಕೆಳಗಣ ಕೆರೆಯನ್ನು ಸೇರುವುದು. ಹೀಗೆ ಕೆರೆಗಳು ದಾರದಲ್ಲಿ ಪೋಣಿಸಿದ ಮಣಿಗಳಂತೆ ಒಂದರ ಕೆಳಗೊಂದು ಇರುವುವು. ನೀರು ಆತುರವಿಲ್ಲದೆ ಇಳಿಯುವ ಈ ನೆಲವೇ ಓಡುವವರ ಕಾಲಿಗೂ ಹಿತವಾದುದು.

ಏರಿಯ ಹಾದಿಗೆ ಮೂರು ಗುಣಗಳುಂಟು. ಮೊದಲನೆಯದಾಗಿ ಅದು ಸಮವಾದುದು. ನಿಂತ ನೀರಿನ ಮಟ್ಟವು ಎಲ್ಲೆಡೆಯಲ್ಲಿಯೂ ಒಂದೇ ಆದುದರಿಂದ ಏರಿಯ ನೆತ್ತಿಯನ್ನೂ ಒಂದೇ ಮಟ್ಟದಲ್ಲಿ ಕಟ್ಟಬೇಕಾಯಿತು. ಎಲ್ಲಿಯಾದರೂ ತಗ್ಗಿದರೆ ಅಲ್ಲಿಯೇ ನೀರು ಹರಿದು ಏರಿಯನ್ನು ಕೊಚ್ಚೀತು. ಎರಡನೆಯದಾಗಿ, ಮಣ್ಣಿನ ಹಾದಿಯು ಡಾಂಬರಿನಷ್ಟು ಗಡುಸಲ್ಲ. ಮೂರನೆಯದು ಹೆಣ್ಣುಮಕ್ಕಳಿಗೆ ಮುಖ್ಯವಾದುದು: ಏರಿಯು ಎತ್ತರದಲ್ಲಿರುವುದರಿಂದ ಓಡುವವಳಿಗೆ ದೂರದವರೆಗೆ ದಾರಿ ಕಾಣುವುದು, ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರಿಗೆ, ಬಟ್ಟೆ ಒಗೆಯುವವರಿಗೆ ಅವಳೂ ಕಾಣುವಳು. ಗೋಡೆಗಳ ನಡುವಣ ಗಲ್ಲಿಗಿಂತ ಈ ಬಯಲೇ ಹೆಚ್ಚು ಕ್ಷೇಮ.

ಆದರೆ ಎಲ್ಲ ಕೆರೆಗಳೂ ಓಟಕ್ಕೆ ಸಮನಾಗಿ ಒದಗುವುದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನು ಪೂರ್ತಿಯಾಗಿ ಸುತ್ತಿಬರುವ ಹಾದಿಯುಂಟು. ಮರಗಳ ನೆರಳುಂಟು, ಹೆಜ್ಜಾರ್ಲೆ ಮೊದಲಾದ ಹಕ್ಕಿಗಳ ನೋಟವೂ ಉಂಟು. ಚನ್ನಗಿರಿಯ ಕಡೆಯ ಸೂಳೆಕೆರೆಯಾದರೋ ಬೇರೆ ಬಗೆಯದು. ಶಾಂತವ್ವೆಯೆಂಬ ಹೆಣ್ಣುಮಗಳು ಕಟ್ಟಿಸಿದಳೆಂದು ಐತಿಹ್ಯವುಳ್ಳ ಆ ಮಹಾಜಲಾಶಯಕ್ಕೆ, ಎರಡು ಗುಡ್ಡಗಳ ನಡುವೆ ಇರುವ ಏರಿಯು ಬಹಳ ಚಿಕ್ಕದು. ನೀರಿನ ಸುತ್ತಳತೆಯಾದರೋ ಬಹಳ ದೊಡ್ಡದು. ಅಂಥಲ್ಲಿ ಸುತ್ತಿಬರುವ ಆಸೆಯನ್ನು ಬಿಟ್ಟು, ಏರಿಯ ಮೇಲೆಯೇ ಹೋಗಿ ಬರುವುದು ಸರಿ. ಏರಿಯ ಮೇಲೆ ವಾಹನಗಳ ರಸ್ತೆಯಿದ್ದರೆ, ಎದುರಿನಿಂದ ಬರುವ ವಾಹನವು ಕಾಣುವಂತೆ ಬಲಬದಿಯಲ್ಲಿ ಓಡತಕ್ಕದ್ದು. ಹಾದಿಯು ಒಂದು ಕಡೆಗೆ ವಾಲಿದ್ದರೆ ಹೋದ ದಾರಿಯಲ್ಲಿಯೇ ಹಿಂದಿರುಗಬೇಕು. ಇಲ್ಲವಾದರೆ ಒಂದೇ ಪಾದಕ್ಕೆ ಶ್ರಮವೆಲ್ಲ ಬೀಳುವುದು.

ಋತುಗಳಿಗೆ ತಕ್ಕಂತೆ ಹಾದಿಯೂ ಮಾರ್ಪಡುವುದು. ಮಳೆಗಾಲದಲ್ಲಿ ಏರಿಯ ಅಂಚಿನ ಹುಲ್ಲು ಬೆಳೆದು ಹಾವುಗಳು ಅಡಗಿರುವುದರಿಂದ ನಡುಹಾದಿಯನ್ನು ಬಿಡಕೂಡದು. ಕೋಡಿ ಬಿದ್ದಾಗ ನೀರು ಪಾದ ಮುಳುಗುವಷ್ಟೇ ಇದ್ದರೂ ಅದನ್ನು ದಾಟಕೂಡದು. ಪಾಚಿಗಟ್ಟಿದ ಕಲ್ಲು ಕ್ಷಣಮಾತ್ರದಲ್ಲಿ ಕಾಲನ್ನು ಜಾರಿಸುವುದು. ಸುಗ್ಗಿಯಲ್ಲಿ ರೈತರು ರಾಗಿ ಹುರುಳಿಗಳನ್ನು ರಸ್ತೆಯ ಮೇಲೆಯೇ ಹರವಿ ಒಕ್ಕುವುದುಂಟು. ಅದರ ಮೇಲೆ ಓಡಿದರೆ ಜಾರುವುದು ಮಾತ್ರವಲ್ಲ, ಪರರ ಅನ್ನವನ್ನು ತುಳಿದಂತಾಗುವುದು. ಬೇಸಗೆಯಲ್ಲಿ ಬತ್ತಿದ ಕೆರೆಯ ಅಂಗಳವು ಬಿರುಕು ಬಿಟ್ಟು ಕಾಲು ಉಳುಕಿಸುವುದು. ಆದುದರಿಂದ ಆಗಲೂ ಏರಿಯೇ ಮೇಲು. ಹೊತ್ತು ಮೂಡಿದ ಒಂದು ಗಂಟೆಯೊಳಗೆ ಓಟವು ಮುಗಿದಿರಬೇಕು.

ಒಂದು ಎಚ್ಚರಿಕೆಯನ್ನು ಎಷ್ಟು ಸಲ ಹೇಳಿದರೂ ಹೆಚ್ಚಾಗದು. ಓಡಿ ಬೆವರಿದ ಮಕ್ಕಳು ಕೈಕಾಲು ತೊಳೆಯಲೆಂದು ಕೆರೆಗೆ ಇಳಿಯಬಾರದು. ಕೆರೆಯ ನೀರು ಏರಿಯ ಬಳಿಯಲ್ಲಿಯೇ, ಅದರಲ್ಲಿಯೂ ತೂಬಿನ ಸಮೀಪದಲ್ಲಿ, ಬಹಳ ಆಳವಾಗಿರುವುದು. ಮಣ್ಣು ತೆಗೆದ ಗುಂಡಿಗಳು ನೀರಿನೊಳಗೆ ಕಣ್ಣಿಗೆ ಕಾಣುವುದಿಲ್ಲ. ಈಜು ಬಾರದವರಿಗೆ ಒಂದು ಹೆಜ್ಜೆ ತಪ್ಪಿದರೂ ಪ್ರಾಣಾಪಾಯ.

ಹೊಸದಾಗಿ ಆರಂಭಿಸುವವರು ವಾರಕ್ಕೆ ಮೂರು ದಿನ, ಒಂದು ನಿಮಿಷ ಓಡಿ ಎರಡು ನಿಮಿಷ ನಡೆದು, ಹೀಗೆ ಇಪ್ಪತ್ತು ನಿಮಿಷ ಮಾಡಿದರೆ ಸಾಕು. ಓಟದ ಕಾಲವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಹೋಗಬಹುದು. ಜೊತೆಯವಳೊಡನೆ ಮಾತನಾಡುತ್ತ ಓಡುವಷ್ಟು ಉಸಿರಿದ್ದರೆ ವೇಗವು ಸರಿಯಾಗಿದೆಯೆಂದು ತಿಳಿಯಬೇಕು. ಮೂವರೋ ನಾಲ್ವರೋ ಕೂಡಿ ಹೋಗುವುದು ಕ್ಷೇಮ. ಯಾವ ಹುಡುಗಿಯಾದರೂ ಅಲ್ಪ ಶ್ರಮಕ್ಕೇ ಏದುಸಿರು ಬಿಟ್ಟು ಬಿಳಿಚಿಕೊಂಡರೆ, ಅವಳನ್ನು ಸೋಮಾರಿಯೆಂದು ಜರೆಯದೆ ವೈದ್ಯರಿಂದ ರಕ್ತಪರೀಕ್ಷೆ ಮಾಡಿಸಿರಿ. ರಕ್ತಹೀನತೆಯು ನಮ್ಮ ಹೆಣ್ಣುಮಕ್ಕಳಲ್ಲಿ ಬಹಳವಾಗಿ ಇರುವುದು.

ಮಗಳು ದೊಡ್ಡವಳಾದ ಮೇಲೆ ಓಟವು ಅವಳ ದೇಹಕ್ಕೆ ಒಗ್ಗದೆಂದು ಕೆಲವು ತಾಯಂದಿರು ಅಂಜುವರು. ಈ ಅಂಜಿಕೆಯು ನಮ್ಮ ದೇಶದ್ದು ಮಾತ್ರವಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಸ್ತ್ರೀಯರು 800 ಮೀಟರು ಓಡಿ ಬಳಲಿದುದನ್ನು ಪತ್ರಿಕೆಗಳು ದೊಡ್ಡದು ಮಾಡಿ ಬರೆದುವು. ಆ ಓಟವು 1960ರವರೆಗೆ ಸ್ತ್ರೀಯರಿಗೆ ಮತ್ತೆ ದೊರೆಯಲಿಲ್ಲ. ಓಡಿ ಬಳಲುವುದು ಗಂಡಸರಿಗೂ ಸಹಜವೆಂಬುದನ್ನು ಯಾರೂ ನೆನೆಯಲಿಲ್ಲ. 1984ರಲ್ಲಿ ಲಾಸ್ ಏಂಜಲೀಸಿನಲ್ಲಿ ಸ್ತ್ರೀಯರು ಒಲಿಂಪಿಕ್ಸಿನ 42 ಕಿಲೋಮೀಟರಿಗೂ ಮಿಕ್ಕ ಮ್ಯಾರಥಾನನ್ನೇ ಓಡಿದರು. ಬೆಳೆಯುವ ವಯಸ್ಸಿನ ಓಟವು ಮೂಳೆಗಳನ್ನು ಬಲಪಡಿಸುವುದು. ಆ ಬಲವು ಮುಪ್ಪಿನಲ್ಲಿ ಉಪಯೋಗಕ್ಕೆ ಬರುವುದು. ಮೈಗೆ ಹಿತವಾಗಿದ್ದರೆ ತಿಂಗಳ ದಿನಗಳಲ್ಲಿಯೂ ಓಟವನ್ನು ನಿಲ್ಲಿಸಬೇಕಾದುದಿಲ್ಲ.

ಕಡೆಯದಾಗಿ ಒಂದು ಮಾತು. ಅನೇಕ ಊರುಗಳಲ್ಲಿ ಕೆರೆಗಳು ಹೂಳು ತುಂಬಿ, ಒತ್ತುವರಿಯಾಗಿ, ಕಸದ ತಿಪ್ಪೆಗಳಾಗುತ್ತಿರುವುವು. ದಿನವೂ ಏರಿಯ ಮೇಲೆ ಓಡುವವಳಿಗೆ ನಿನ್ನೆಯಿಲ್ಲದ ಬಿರುಕು, ನಿನ್ನೆಯಿಲ್ಲದ ಬೇಲಿ, ನಿನ್ನೆಯಿಲ್ಲದ ಕಸ ಎಲ್ಲರಿಗಿಂತ ಮೊದಲು ಕಾಣುವುದು. ಕಂಡುದನ್ನು ಪಂಚಾಯಿತಿಗೆ ತಿಳಿಸಿದರೆ ಕೆರೆಯೂ ಉಳಿದೀತು, ಹಾದಿಯೂ ಉಳಿದೀತು. ಹಳೆಯ ವಿದ್ಯಾರ್ಥಿನಿಯರಲ್ಲಿ ನನ್ನ ವಿನಂತಿಯಿಷ್ಟೇ: ಮಗಳನ್ನು ಏರಿಯ ಮೇಲೆ ಓಡಲು ಕಳುಹಿಸಿರಿ, ಸಾಧ್ಯವಾದರೆ ಕಳುಹಿಸುವುದಕ್ಕೆ ಬದಲಾಗಿ ನೀವೇ ಅವಳ ಜೊತೆಯಲ್ಲಿ ಹೋಗಿರಿ.